ನಮ್ಮ ಗೆಲಾಕ್ಸಿಯ ಫೋಟೋ ಯಾರೂ ತೆಗೆದಿಲ್ಲ ಪುಟ್ಟಿ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ಚೆನ್ನಾಗಿದೆ. ಆದರೆ ಅದು ಫೋಟೋ ಅಲ್ಲ. ಸುರುಳಿ ಸುತ್ತಿದ ಆಕಾಶಗಂಗೆ, ಮೇಲೊಂದು ಬಾಣ, 'ನಾವು ಇಲ್ಲಿದ್ದೇವೆ' ಅಂತ. ಅದನ್ನು ಕಲಾವಿದರು ಬಿಡಿಸಿದ್ದು. ನಮ್ಮ ಗೆಲಾಕ್ಸಿಯಾದ ಈ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅಂದರೆ ದಾಟೋಕೆ ಬೆಳಕಿಗೇ 1 ಲಕ್ಷ ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಇಷ್ಟು ವರ್ಷ ಓಡಿ ಸೇರಿರುವುದು ಬೆಳಕು ಹೆಚ್ಚುಕಡಿಮೆ ಒಂದು ದಿನದಲ್ಲಿ ಹೋಗುವ ದೂರ ಅಷ್ಟೇ. ಹೊರಗೆ ನಿಂತು ಕ್ಯಾಮೆರಾ ತಿರುಗಿಸುವ ಮಾತೇ ಇಲ್ಲ.

ಹಾಗಾದರೆ ಅದರ ಆಕಾರ ಹೇಗೆ ಗೊತ್ತಾಯ್ತು ಅಂತ ನೀನು ಕೇಳೇ ಕೇಳ್ತೀಯ.

ಮೊದಲು ಸುಮ್ನೆ ಎಣಿಸಿದರು. ಖಗೋಳ ವಿಜ್ಞಾನಿ ವಿಲಿಯಂ ಹರ್ಷಲ್ ದೂರದರ್ಶಕವನ್ನು ದಿಕ್ಕು ದಿಕ್ಕಿಗೆ ತಿರುಗಿಸಿ, ಎಲ್ಲಿ ಎಷ್ಟು ನಕ್ಷತ್ರ ಅಂತ ಲೆಕ್ಕ ಹಾಕಿ, 1785ರಲ್ಲಿ ಒಂದು ನಕ್ಷೆ ಕೊಟ್ಟರು. ಸೂರ್ಯ ಹತ್ತಿರ ಹತ್ತಿರ ನಡುವಿನಲ್ಲೇ ಕೂತಿದ್ದ! ಎಣಿಕೆಯಲ್ಲಿ ದೋಷ ಇರಲಿಲ್ಲ, ಅಡ್ಡ ಬಂದದ್ದು ನಕ್ಷತ್ರಗಳ ನಡುವಿನ ಧೂಳು. ಯಾವ ಕಡೆ ನೋಡಿದರೂ ಸ್ವಲ್ಪ ದೂರಕ್ಕೆ ದೃಷ್ಟಿ ನಿಂತುಹೋದರೆ ನಾವೇ ನಡುವೆ ಇದ್ದೀವಿ ಅನಿಸದೆ ಇರುತ್ತಾ?

ಜಾತ್ರೆಯ ನೂಕುನುಗ್ಗಲಿನಲ್ಲಿ ನಿನಗೆ ಕಾಣೋದು ಮುಂದಿನವರ ಬೆನ್ನು ಮಾತ್ರ, ಆದರೂ ತೇರು ಯಾವ ಕಡೆ ಅಂತ ತಲೆಗಳ ಮೇಲೆ ಕಾಣುವ ಕಳಸ ನೋಡಿ ಹೇಳಬಹುದು ಅಲ್ವಾ? 1918ರ ಹೊತ್ತಿಗೆ ಹಾರ್ಲೋ ಶಾಪ್ಲಿ ಅನ್ನೋ ಖಗೋಳ ವಿಜ್ಞಾನಿ ಮಾಡಿದ್ದೂ ಇದನ್ನೇ. ಲಕ್ಷಗಟ್ಟಲೆ ನಕ್ಷತ್ರಗಳು ಉಂಡೆ ಕಟ್ಟಿಕೊಂಡಿರುವ ಗುಚ್ಛಗಳಿವೆ, ತುಂಬಾ ಕಡೆ ಅವು ತಟ್ಟೆಯ ಹಾಗೆ ಚಪ್ಪಟೆಯಾಗಿರುವ ಗೆಲಾಕ್ಸಿಗಿಂತ ಮೇಲೆ ಕೆಳಗೆ, ಧೂಳಿನ ಆಚೆ ಇರುತ್ತವೆ. ಅವು ಧನು ರಾಶಿಯ ದಿಕ್ಕಿನಲ್ಲಿ ಜಾಸ್ತಿ ಗುಂಪಾಗಿದ್ದವು. ಕೇಂದ್ರ ಅಲ್ಲಿ, ನಾವು ಅಂಚಿನ ಕಡೆ, ಅಂದರು. ಅವರು ಹೇಳಿದ ದೂರ ತೀರಾ ಜಾಸ್ತಿ ಆಯ್ತು, ಈಗಿನ ಲೆಕ್ಕ ಸುಮಾರು 26,000 ಜ್ಯೋತಿರ್ವರ್ಷ. ದಿಕ್ಕು ಮಾತ್ರ ಸರಿಯಾಗಿತ್ತು.

ನನಗೆ ಮಜಾ ಅನಿಸೋದು ಮುಂದಿನದು. ಒಳಗಿನ ನಕ್ಷೆಯನ್ನು ಅಷ್ಟು ಚೆನ್ನಾಗಿ ಓದಿದ ಶಾಪ್ಲಿ ಹೊರಗೆ ಎಡವಿದರು. ಆಕಾಶದಲ್ಲಿ ದೇವಯಾನಿ (ಆಂಡ್ರೊಮಿಡಾ) ಅಂತ ಕರೆಯುವ ಒಂದು ಮಸುಕು ಬೆಳಕಿದೆ, ಅದು ನಮ್ಮ ಗೆಲಾಕ್ಸಿಯದೇ ಭಾಗ ಅಂತ 1920ರಲ್ಲಿ ಇನ್ನೊಬ್ಬ ಖಗೋಳ ವಿಜ್ಞಾನಿ ಹೀಬರ್ ಕರ್ಟಿಸ್ ಎದುರು ವಾದಿಸಿದರು. 1923ರಲ್ಲಿ ಎಡ್ವಿನ್ ಹಬಲ್ ಅದರೊಳಗೆ ಬೆಳಕು ಏರಿಳಿಯುವ ಒಂದು ನಕ್ಷತ್ರ ಹಿಡಿದು ದೂರ ಅಳೆದರು, ವಾದ ಮುಗಿಯಿತು. ದೇವಯಾನಿ ಬೇರೆಯದೇ ಗೆಲಾಕ್ಸಿ, ಇಲ್ಲಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಹಾಗಂತ ಹೊರಗಿನಿಂದ ನೋಡಿದರೆ ಎಲ್ಲ ಸಲೀಸು ಅಂದುಕೋಬೇಡ. ದೇವಯಾನಿ ನಮ್ಮ ಕಡೆಗೆ ಎಷ್ಟು ವಾಲಿದೆ ಅಂದರೆ ಅದರ ಸುರುಳಿಯ ತೋಳುಗಳನ್ನು ಬಿಡಿಸಿ ನೋಡೋದೇ ಕಷ್ಟ. ಎಂ51 ಅನ್ನೋ ಗೆಲಾಕ್ಸಿ ಮುಖ ಕೊಟ್ಟು ನಿಂತಿದೆ, ಹಾಗಾಗಿ ಲಾರ್ಡ್ ರಾಸ್ 1845ರಲ್ಲೇ ಐರ್ಲೆಂಡಿನಿಂದ ಅದರ ಸುರುಳಿ ಕಂಡು ಬರೆದಿಟ್ಟರು. ನಮ್ಮದರ ಸುರುಳಿಗೆ ರೇಡಿಯೋ ಬೇಕಾಯ್ತು. ಹೈಡ್ರೋಜನ್ ಹೊರಡಿಸುವ 21 ಸೆಂಟಿಮೀಟರ್ ಅಲೆ ಧೂಳನ್ನು ದಾಟಿ ಬರುತ್ತದೆ. 1951ರಲ್ಲಿ ಅದು ಸಿಕ್ಕಿತು, ಅನಿಲದ ವೇಗ ನೋಡಿ ತೋಳುಗಳ ನಕ್ಷೆ ಬರೆಯೋಕೆ ಶುರು ಮಾಡಿದರು. ಕೇಂದ್ರದ ಆಚೆಗಿನ ಭಾಗ ಈಗಲೂ ಮಸುಕು ಮಸುಕೇ. ನಿನ್ನ ಚಿತ್ರದಲ್ಲಿ ಕಲಾವಿದರು ಅಲ್ಲಿ ಸ್ವಲ್ಪ ಧಾರಾಳವಾಗಿದ್ದಾರೆ ಬಿಡು.

ದೀಪಾವಳಿಗೆ ಬರ್ತೀಯಲ್ಲ, ಹೇಗೂ ಅಮಾವಾಸ್ಯೆ. ಪಟಾಕಿ ಹೊಗೆ ಏಳೋ ಮುಂಚೆ, ಹಿಂದಿನ ದಿನವೇ ಬಾ. ರಾತ್ರಿ ಹತ್ತರ ಹೊತ್ತಿಗೆ ತಾರಸಿ ಮೇಲೆ ಉತ್ತರಕ್ಕೆ ಮುಖ ಮಾಡಿದರೆ ಇಂಗ್ಲಿಷಿನ ಎಂ ಅಕ್ಷರದ ಹಾಗೆ ಐದು ನಕ್ಷತ್ರ. ಅದರ ಮೂಲಕ ಹಾಯುವ ಮಂಕು ಪಟ್ಟಿ ನಮ್ಮದು, ಒಳಗಿನಿಂದ ಕಾಣೋದು. ಅಲ್ಲಿಂದ ಇನ್ನಷ್ಟು ತಲೆ ಎತ್ತಿದರೆ ದೇವಯಾನಿ. ಬೈನಾಕ್ಯುಲರ್ ನಿನ್ನ ಹತ್ತಿರವೇ ಇದೆ, ಮರೀದೆ ತಗೊಂಡು ಬಾ. ಮೊಬೈಲ್ ಮಾತ್ರ ಕೆಳಗೇ ಇಟ್ಟು ಬರಬೇಕು, ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹಿಡಿಯುತ್ತದೆ.

ಅಮ್ಮ