‘ಓದುತ್ತಾನೆ’ ಎಂದು ತಿದ್ದಿದವರಿಗೆ

ನಮ್ಮ ಮಾನವ ಹಕ್ಕುಗಳ ಸಾಕ್ಷ್ಯಚಿತ್ರೋತ್ಸವ ನಿನ್ನೆ ರಾತ್ರಿ ಮುಗಿಯಿತು. ನಿದ್ದೆ ಇನ್ನೂ ಬಾಕಿ ಇದೆ. ಲೆಕ್ಕಪತ್ರವೂ ಬಾಕಿ. ಆದರೆ ಥ್ಯಾಂಕ್ಸ್ ಹೇಳುವುದನ್ನು ಬಾಕಿ ಇಡಬಾರದು, ಅಲ್ವಾ?

ಹ್ಯೂಮನ್ ರೈಟ್ಸ್ ವಾಚ್ ಇಂಥ ಉತ್ಸವ ಶುರು ಮಾಡಿದ್ದು 1988ರಲ್ಲಿ. ಪ್ರಾಗ್‌ನ ‘ಒನ್ ವರ್ಲ್ಡ್’ 1999ರಲ್ಲಿ. ಅವರ ಮುಂದೆ ನಾವು ಈಗಷ್ಟೇ ಹುಟ್ಟಿದ ಕೂಸು. ಸಿನಿಮಾ ಮುಗಿದ ಮೇಲೆ ಕೂತು ಮಾತಾಡುವ ಪದ್ಧತಿಯನ್ನು ಅಂಥವರನ್ನು ನೋಡಿಯೇ ಕಲಿತೆವು. ಆ ಮಾತು ಮುಗಿಯುವ ತನಕ ಬೀಗದ ಕೈ ಹಿಡಿದು ಕಾದ ಸಭಾಂಗಣದ ಸಿಬ್ಬಂದಿಗೆ ನಮಸ್ಕಾರ.

ಎರಡನೇ ದಿನ ಐವತ್ತು ನಿಮಿಷ ಖಾಲಿ ಪರದೆ ನೋಡುತ್ತಾ ಕೂತವರಿಗೆ ಕ್ಷಮೆಯನ್ನೂ ಕೇಳಬೇಕು. ಥಿಯೇಟರಿಗೆ ಬರುವ ಡಿಜಿಟಲ್ ಪ್ರತಿಗೆ ಬೀಗ ಹಾಕಿರುತ್ತಾರೆ. ಅದರ ಕೀ ಗೊತ್ತುಮಾಡಿದ ಸರ್ವರ್‌ನಲ್ಲಿ, ಗೊತ್ತುಮಾಡಿದ ಅವಧಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಪ್ರದರ್ಶನವನ್ನು ಒಂದು ದಿನ ಮುಂಚೆ ಇಟ್ಟುಕೊಂಡ ನಾನು ಹೊಸ ಕೀ ಕೇಳುವುದನ್ನೇ ಮರೆತಿದ್ದೆ. ನಿರ್ದೇಶಕಿ ಇರುವಲ್ಲಿ ಆಗ ನಡುರಾತ್ರಿ. ಅವರು ಬೈಯಲಿಲ್ಲ. ಎದ್ದು, ಲ್ಯಾಬಿನವರನ್ನೂ ಎಬ್ಬಿಸಿ ಕೀ ಕಳಿಸಿಕೊಟ್ಟರು.

ಮೂರನೇ ದಿನದ ಚಿತ್ರದಲ್ಲಿ ಮಾತಾಡಿದವರು ಸಭಾಂಗಣದಲ್ಲಿ ತೋರಿಸಲು ಮಾತ್ರ ಒಪ್ಪಿದ್ದರು. ಅವರ ಮುಖ ಹೊರಗೆ ಹೋದರೆ ಅವರಿಗೆ ಅಪಾಯ. ಫೋನ್ ಒಳಗಿಡಿ ಎಂದು ಒಂದೇ ಸಲ ಕೇಳಿದೆವು. ಒಬ್ಬರೂ ಹೊರಗೆ ತೆಗೆಯಲಿಲ್ಲ. ಇದನ್ನು ನಾನು ಮರೆಯುವುದಿಲ್ಲ.

ಇನ್ನು ಸಬ್‌ಟೈಟಲ್ ಬಳಗ. ಪರದೆಯ ಮೇಲೆ ಎರಡೇ ಸಾಲು, ಅದೂ ಕೆಲವೇ ಸೆಕೆಂಡು. ಓದುವವರಿಗೆ ಮುಖ ನೋಡಲೂ ಪುರುಸೊತ್ತು ಬೇಕಲ್ಲ! ಒಂದು ಚಿತ್ರದಲ್ಲಿ ತಾಯಿಯೊಬ್ಬರು ಮಗನ ಬಗ್ಗೆ ಹೇಳುತ್ತಾರೆ. ಅವನನ್ನು ಮನೆಯಿಂದ ಕರೆದೊಯ್ದವರು ಎಲ್ಲಿಟ್ಟರೆಂದು ಹೇಳಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ನಾವು ‘ಚೆನ್ನಾಗಿ ಓದುತ್ತಿದ್ದ’ ಎಂದು ಬರೆದಿದ್ದೆವು. ಬಳಗದಲ್ಲಿ ಆ ತಾಯಿಯ ಭಾಷೆ ಬಲ್ಲವರು ಒಬ್ಬರೇ. ಅವರು ಚಿತ್ರ ನಿಲ್ಲಿಸಿ, ‘ಇಲ್ಲ, ಆಕೆ ಓದುತ್ತಾನೆ ಅಂತಿದ್ದಾರೆ’ ಎಂದರು. ಆಮೇಲೆ ಇಡೀ ಚಿತ್ರ ಮತ್ತೆ ಕೇಳಿದೆವು. ತಾಯಿ ಒಮ್ಮೆಯೂ ‘ಇದ್ದ’ ಎಂದಿಲ್ಲ. ಎಲ್ಲವೂ ‘ಇದ್ದಾನೆ’.

ಹೀಗೆ ಕಾಣೆಯಾದವರಿಗೆ ಏನಾಯಿತೆಂದು ಮುಚ್ಚಿಡುವಷ್ಟು ಕಾಲವೂ ಆ ಅಪರಾಧ ನಡೆಯುತ್ತಲೇ ಇದೆ ಎಂದು ವಿಶ್ವಸಂಸ್ಥೆಯ 1992ರ ಘೋಷಣೆ ಹೇಳುತ್ತದೆ. ಇದನ್ನು ಚರ್ಚೆಗೆ ಬಂದ ವಕೀಲರೊಬ್ಬರು ಹೇಳಿದಾಗ ನಮ್ಮ ಬಳಗದ ಕಡೆ ತಿರುಗಿ ನೋಡಿದೆ. ಸಾಲು ತಿದ್ದಿದ ಆ ಗೆಳತಿ ತಲೆ ತಗ್ಗಿಸಿ ಕೂತಿದ್ದರು.

ಆ ತಾಯಿಯ ಚಿತ್ರದ ನಿರ್ದೇಶಕಿಗೂ ವಿಷಯ ತಿಳಿಸಿದೆ. ಆ ಸಾಲು ಎಷ್ಟನೇ ನಿಮಿಷದಲ್ಲಿ ಬರುತ್ತದೆ ಎಂದು ಕೇಳಿದ್ದಾರೆ. ಇಂಗ್ಲಿಷಿನಲ್ಲೂ ತಿದ್ದಿಸುತ್ತಾರಂತೆ.