ಕೆಂಪು ಗೀಟು ಹಾಕಿದ್ದ ಫೋಟೋ

ಬ್ರಾಡ್‌ಫರ್ಡ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ ನಿನ್ನಲ್ಲಿಗೆ ಬಂದು ಹದಿನೈದು ದಿನ ಆಯ್ತು ಅಂದೆಯಲ್ಲ, ಅವಳ ಕಾಲುನೋವು ಹೇಗಿದೆ? ತೋಟದಲ್ಲಿ ಅಡಿಕೆಗೆ ಮದ್ದು ಬಿಡಲು ಜನ ಸಿಕ್ಕಿದರಾ? ಮಳೆ ಬಿಡದೆ ಭಾವನಿಗೆ ತಲೆಬಿಸಿ ಆಗಿರಬೇಕು.

ಎರಡು ದಿನಕ್ಕೊಮ್ಮೆ ಫೋನು ಮಾಡುವವನು ಈಗ ಕಾಗದ ಯಾಕೆ ಬರೆದ ಅಂತ ನಿನಗೆ ಆಶ್ಚರ್ಯ ಆಗಬಹುದು. ಈ ಲಕೋಟೆಯಲ್ಲಿ ಇಪ್ಪತ್ತಮೂರು ಫೋಟೋಗಳಿವೆ. ನಾನೇ ಕೈಯಾರೆ ಪ್ರಿಂಟ್ ಹಾಕಿದ್ದು. ಅವುಗಳ ಜೊತೆ ಹೇಳಬೇಕಾದ್ದು ತುಂಬಾ ಇದೆ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನಿನ್ನ ಕುಕ್ಕರ್ ಕೂಗುತ್ತದೆ.

ಮೊನ್ನೆ ಇಲ್ಲಿ ಅಟ್ಟ ಖಾಲಿ ಮಾಡಬೇಕಾಯ್ತು. ಹಳೆ ಸೂಟ್‌ಕೇಸಿನ ಹಿಂದೆ ಇಲ್‌ಫರ್ಡ್ ಫೋಟೋ ಕಾಗದದ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ನನ್ನದೇ ಅಕ್ಷರದಲ್ಲಿ ‘ಊರು, ಜೂನ್–ಜುಲೈ 1995’ ಅಂತ ಬರೆದಿತ್ತು. ಏಣಿಯ ಮೇಲೆ ನಿಂತುಕೊಂಡೇ ತೆರೆದೆ. ಒಳಗೆ ಆರು ರೋಲಿನ ನೆಗೆಟಿವ್‌ಗಳು, ಆರಾರು ಚಿತ್ರದ ತುಂಡುಗಳಾಗಿ, ತೆಳು ಕಾಗದದ ಲಕೋಟೆಗಳಲ್ಲಿ ಹಾಗೇ ಇದ್ದವು. ಒಂದಕ್ಕೂ ಬೂಸಲು ಹಿಡಿದಿಲ್ಲ ಅಕ್ಕ. ನಿನ್ನ ಮದುವೆ ಆಲ್ಬಮ್ಮಿನ ಗತಿ ನೆನಪಿದೆಯಲ್ಲ? ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮಲ್ಲಿ ಫಿಲ್ಮು ಉಳಿಯುವುದು ಕಷ್ಟ. ಇಲ್ಲಿಯ ಅಟ್ಟದ ಚಳಿ ಇವನ್ನು ಕಾಪಾಡಿತು. ಕಪ್ಪು-ಬಿಳುಪು ಆದದ್ದೂ ಒಳ್ಳೆಯದಾಯ್ತು. ಅದರ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳಲ್ಲಿ. ಬಣ್ಣದ ಫಿಲ್ಮಿನ ಹಾಗೆ ಬೇಗ ಮಾಸುವುದಿಲ್ಲ.

ಆ ವರ್ಷ ನಾನು ರಜೆಗೆ ಬಂದಾಗ ನೀನು ಬಾಣಂತನಕ್ಕೆ ಮನೆಯಲ್ಲಿದ್ದೆ. ಮಗಳಿಗೆ ಇಪ್ಪತ್ತು ದಿನ. ನನ್ನ ಫೋಟೋಗ್ರಫಿ ಕೋರ್ಸಿನ ಮೊದಲ ವರ್ಷ ಮುಗಿದಿತ್ತು. ರಜೆಗೆ ಹೋಗುವ ಮೊದಲು ಮೇಷ್ಟ್ರು ಎಲ್ಲರಿಗೂ ಒಂದೇ ಕೆಲಸ ಕೊಟ್ಟಿದ್ದರು. ಒಂದು ಜಾಗ, ಆರು ರೋಲು ಫಿಲ್ಮು, ಅಷ್ಟೆ. ಒಂದು ರೋಲಿಗೆ 36 ಚಿತ್ರ. ನನ್ನ ಹತ್ತಿರ ಇದ್ದದ್ದು ಸೆಕೆಂಡ್‌ಹ್ಯಾಂಡ್ ಪೆಂಟ್ಯಾಕ್ಸ್ ಕೆ1000. ಊರಿಗೆ ಬಂದ ಎರಡನೇ ವಾರಕ್ಕೆ ಅದರ ಸೆಲ್ಲು ಸತ್ತಿತು. ಆ ಕ್ಯಾಮರಾದಲ್ಲಿ ಸೆಲ್ಲು ಬೇಕಾಗುವುದು ಬೆಳಕು ಅಳೆಯಲು ಮಾತ್ರ, ಉಳಿದದ್ದೆಲ್ಲ ಸ್ಪ್ರಿಂಗು, ಹಲ್ಲುಚಕ್ರ. ಹಾಗಾಗಿ ಆಮೇಲೆ ಮೋಡ ನೋಡಿ, ಅಂಗಳ ನೋಡಿ, ಅಂದಾಜಿಗೆ ತೆಗೆದೆ. ಅಮ್ಮ ಅಕ್ಕಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಅದರೊಳಗೆ ನನ್ನ ಫಿಲ್ಮು ಇಟ್ಟಿದ್ದಳು. ತೇವ ಎಳೆಯಲಿ ಅಂತ. ಉಪ್ಪಿನ ಭರಣಿಗೆ, ಹಪ್ಪಳದ ಡಬ್ಬಿಗೆ ಮಾಡುವ ಕಾಳಜಿಯೇ. ಆ ಬಾಟಲಿ ಹಾಗೇ ನನ್ನ ಚೀಲದಲ್ಲಿ ಬಜ್ಪೆಯಿಂದ ಬೊಂಬಾಯಿಗೆ, ಅಲ್ಲಿಂದ ಇಲ್ಲಿಗೆ ಬಂತು.

ಈಗ ಮುಖ್ಯ ಸಂಗತಿ.

ಆ ವರ್ಷದ ವಸಂತದಲ್ಲಿ ನಮ್ಮನ್ನು ಲೇಕಾಕ್ ಅನ್ನುವ ಹಳ್ಳಿಗೆ ಕರಕೊಂಡು ಹೋಗಿದ್ದರು. ಅಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಅನ್ನುವವರ ದೊಡ್ಡ ಹಳೆ ಮನೆ ಇದೆ. ಅವರು 1835ರ ಆಗಸ್ಟಿನಲ್ಲಿ ಆ ಮನೆಯ ಒಂದು ಕಿಟಕಿಯ ಚಿತ್ರ ಹಿಡಿದರು. ಕ್ಯಾಮರಾದಲ್ಲಿ ತೆಗೆದ ನೆಗೆಟಿವ್‌ಗಳಲ್ಲಿ ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯದು ಅದು. ಗಾತ್ರದಲ್ಲಿ ಅಂಚೆಚೀಟಿಯಷ್ಟು. ಹೊಸತರಲ್ಲಿ ಭೂತಗನ್ನಡಿ ಹಿಡಿದರೆ ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನೂ ಎಣಿಸಬಹುದಿತ್ತು ಅಂತ ಟಾಲ್ಬಟ್ ಬರೆದಿಟ್ಟಿದ್ದಾರೆ. ಆ ಕಿಟಕಿ ಈಗಲೂ ಅಲ್ಲೇ ಇದೆ. ಅದರ ಮುಂದೆ ನಿಂತಾಗ ನನಗೆ ಹೊಳೆದದ್ದು ನಮ್ಮ ಚಾವಡಿಯ ಕಿಟಕಿ. ಮರದ ದಪ್ಪ ಸರಳುಗಳು, ಆಚೆ ಜಗಲಿ, ಮಾಡಿನಿಂದ ಇಳಿಯುವ ಮಳೆ. ಊರಿಗೆ ಹೋದ ಕೂಡಲೇ ಇದನ್ನೇ ತೆಗೆಯಬೇಕು ಅಂತ ಅಲ್ಲೇ ನಿಶ್ಚಯ ಮಾಡಿದ್ದೆ.

ಮೂರನೇ ರೋಲು ಪೂರ್ತಿ ಆ ಕಿಟಕಿಗೇ ಇಟ್ಟೆ. ಕಿಟಕಿ ಮಾತ್ರ ಬೇಕು, ಬೆಳಕು ಮಾತ್ರ ಬೇಕು, ಮನುಷ್ಯರು ಬೇಡ. ನಿನಗೂ ಆ ಕಡೆ ಬರಬೇಡ ಅಂದಿದ್ದೆ, ಮಗುವನ್ನು ಎತ್ತಿಕೊಂಡು ಒಳಗೆ ಹೋಗು ಅಂದಿದ್ದೆ. ಇಪ್ಪತ್ತೆರಡನೇ ಚಿತ್ರಕ್ಕೆ ಬೆರಳು ಒತ್ತುವ ಹೊತ್ತಿಗೆ ಸರಿಯಾಗಿ ಅಮ್ಮ ಹೊರಗಿನಿಂದ ಬಂದಳು. ಮಳೆಗೆ ತಲೆಯ ಮೇಲೆ ಅಡಿಕೆ ಹಾಳೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸರಳಿನ ಸಂದಿಯಲ್ಲಿ ನನಗೊಂದು ಸ್ಟೀಲಿನ ಲೋಟ ಚಾಚಿದಳು. ಕ್ಲಿಕ್ ಆಗಿಹೋಗಿತ್ತು. ನನಗೆ ಸಿಟ್ಟು ಬಂತು. ‘ಹಾಳು ಮಾಡಿದೆಯಲ್ಲ ಅಮ್ಮ’ ಅಂದೆ. ಅವಳು ಲೋಟವನ್ನು ಒಳಗಿನ ದಂಡೆಯ ಮೇಲೆ ಇಟ್ಟು ಸುಮ್ಮನೆ ಹೋದಳು.

ಇಲ್ಲಿಗೆ ಬಂದು ಫಿಲ್ಮು ತೊಳೆದೆ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರು, ಸರಿಯಾಗಿ 20 ಡಿಗ್ರಿ ಇರಬೇಕು, ನಮ್ಮ ಫಿಲ್ಮಿಗೆ 13 ನಿಮಿಷ, ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡು ಡಬ್ಬಿಯನ್ನು ಬುಡಮೇಲು ಮಾಡುತ್ತಿರಬೇಕು. ಆಮೇಲೆ ಒಂದು ರೋಲಿನ ಎಲ್ಲ ಚಿತ್ರಗಳನ್ನೂ ಒಂದೇ ಹಾಳೆಯಲ್ಲಿ ಸಣ್ಣದಾಗಿ ಹಾಕುತ್ತಿದ್ದೆವು. ಅದಕ್ಕೆ ಕಾಂಟ್ಯಾಕ್ಟ್ ಶೀಟ್ ಅನ್ನುತ್ತಾರೆ. ಬೇಕಾದ್ದಕ್ಕೆ ಸುತ್ತು, ಬೇಡದ್ದಕ್ಕೆ ಗೀಟು. ಅಮ್ಮನ ಚಿತ್ರದ ಮೇಲೆ ನಾನು ಕೆಂಪು ಪೆನ್ಸಿಲಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಗೀಟು ಎಳೆದಿದ್ದೇನೆ. ಖಾಲಿ ಕಿಟಕಿಯ ಹನ್ನೆರಡನೇ ಚಿತ್ರಕ್ಕೆ ಸುತ್ತು ಹಾಕಿದ್ದೇನೆ. ಅದನ್ನೇ ದೊಡ್ಡದು ಮಾಡಿ ಕ್ಲಾಸಿನ ಗೋಡೆಗೆ ಹಾಕಿದ್ದೆವು, ಎಲ್ಲರೂ ಹೊಗಳಿದ್ದರು.

ಮೂವತ್ತು ವರ್ಷದ ಮೇಲೆ ಆ ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಆ ಕೆಂಪು ಗೀಟಿನ ಅಡಿಯಲ್ಲಿ ನಮ್ಮ ಅಮ್ಮ ಇದ್ದಾಳೆ ಅಕ್ಕ. ಈಗ ನನಗಿರುವ ವಯಸ್ಸಿಗಿಂತ ಸಣ್ಣವಳು. ಕೈಯಲ್ಲಿ ಎರಡೆರಡೇ ಬಳೆ. ಹೆಬ್ಬೆರಳಿನ ಉಗುರಿನ ಹತ್ತಿರ ಬಾಳೆಕಾಯಿಯ ಕಲೆ. ಬಾಯಿ ತುಸು ತೆರೆದಿದೆ, ಏನೋ ಹೇಳುತ್ತಿದ್ದಾಳೆ. ‘ನನ್ನ ಫೋಟೋ ಬೇಡ’ ಅಂತ ಎದ್ದು ಹೋಗುತ್ತಿದ್ದವಳು ಅವಳು. ಸ್ಟುಡಿಯೋದಲ್ಲಿ ಬಿಗಿಯಾಗಿ ನಿಂತದ್ದು ಬಿಟ್ಟರೆ ಅವಳ ಆ ವಯಸ್ಸಿನ ಮುಖ ನಮ್ಮ ಯಾರ ಹತ್ತಿರವೂ ಇಲ್ಲ. ಆ ಮನೆಯೂ ಇಲ್ಲ, ಕಿಟಕಿಯೂ ಇಲ್ಲ. ಹನ್ನೆರಡನೇ ಚಿತ್ರವನ್ನೂ ನೋಡಿದೆ. ಚೆನ್ನಾಗಿದೆ. ಆದರೆ ಅದನ್ನು ಪ್ರಿಂಟ್ ಹಾಕಲು ನನಗೆ ಮನಸ್ಸು ಬರಲಿಲ್ಲ.

ಈ ಊರಿನಲ್ಲಿ ಗಂಟೆಗಿಷ್ಟು ಅಂತ ಕೊಟ್ಟರೆ ಬಳಸಲು ಬಿಡುವ ಒಂದು ಡಾರ್ಕ್‌ರೂಮ್ ಇದೆ. ಮೂರು ಶನಿವಾರ ಅಲ್ಲೇ ಕೂತೆ. ಅಮ್ಮನ ಹಿಂದೆ ಬೆಳಕು ಜಾಸ್ತಿ, ಮುಖ ಕತ್ತಲು. ಸುಮ್ನೆ ಪ್ರಿಂಟ್ ಹಾಕಿದರೆ ಮುಖ ಕರಿ ಮುದ್ದೆ. ಅದಕ್ಕೆ ತಂತಿಯ ತುದಿಗೆ ರಟ್ಟಿನ ಚೂರು ಸಿಕ್ಕಿಸಿ, ಬೆಳಕು ಬೀಳುವಾಗ ಅವಳ ಮುಖದ ಮೇಲೆ ಮಾತ್ರ ಅಡ್ಡ ಹಿಡಿದು ಅಲ್ಲಾಡಿಸುತ್ತಾ ಇರಬೇಕು. ಏಳನೇ ಕಾಗದಕ್ಕೆ ಸರಿಯಾಯ್ತು. ಕೆಂಪು ದೀಪದ ಕೆಳಗೆ ತಟ್ಟೆಯ ನೀರಿನಲ್ಲಿ ಮೊದಲು ಸರಳುಗಳು ಬಂದವು, ಆಮೇಲೆ ಅಡಿಕೆ ಹಾಳೆಯ ಅಂಚು, ಕೊನೆಗೆ ಅವಳ ಕಣ್ಣು. ನಾನು ಅಲ್ಲೇ ನಿಂತು ಅತ್ತೆ.

ಅಪ್ಪನದ್ದು ಐದು ಚಿತ್ರ ಇವೆ. ಮದ್ದು ಬಿಡುವ ದಿನದ್ದು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡು ಡ್ರಮ್ಮಿನ ಹತ್ತಿರ ನಿಂತಿದ್ದಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕಲಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಹೊಯ್ಯುತ್ತಾ ಕಲಕಬೇಕು. ಒಂದು ಚಿತ್ರದಲ್ಲಿ ಅಪ್ಪ ಪೀಶಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ಮೇಲೆತ್ತಿ ಕಣ್ಣಿನ ಹತ್ತಿರ ಹಿಡಿದಿದ್ದಾರೆ. ಅಲಗಿಗೆ ಮೈಲುತುತ್ತಿನಲ್ಲಿರುವ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಚಿತ್ರ ಅಲುಗಿ ಮಂಜಾಗಿದೆ ಅಂತ ಅದಕ್ಕೂ ಗೀಟು ಹಾಕಿದ್ದೆ. ಆದರೆ ಅಪ್ಪ ಕತ್ತಿ ಹಿಡಿಯುವ ರೀತಿ ನೋಡು. ತೋರುಬೆರಳು ಅಲಗಿನ ಬೆನ್ನಿಗೆ ಒತ್ತಿಕೊಂಡಿದೆ. ನೀನು ತೆಂಗಿನಕಾಯಿ ಚೂರು ಮಾಡುವಾಗ ಹಿಡಿಯುವುದೂ ಹಾಗೇ ಅಲ್ವಾ?

ಈ ಸಲ ಡಾರ್ಕ್‌ರೂಮಿನಲ್ಲಿ ಒಂದು ಸಂಗತಿ ನೋಡಿದೆ. ಫಿಲ್ಮು, ಕಾಗದ ತೊಳೆದ ಫಿಕ್ಸರ್ ಅನ್ನುವ ದ್ರಾವಣದಲ್ಲಿ ಬೆಳ್ಳಿ ಸೇರಿಕೊಂಡಿರುತ್ತದೆ. ಅದನ್ನು ಹಾಗೇ ಮೋರಿಗೆ ಬಿಡಬಾರದು ಅಂತ ಒಂದು ಬಾಲ್ದಿಯಲ್ಲಿ ಕಬ್ಬಿಣದ ನಾರು ಹಾಕಿ ಅದರ ಮೂಲಕ ಹಾಯಿಸುತ್ತಾರೆ. ಕಬ್ಬಿಣ ಕರಗಿ, ಅದರ ಜಾಗದಲ್ಲಿ ಬೆಳ್ಳಿ ಕೂರುತ್ತದೆ. ಅಪ್ಪನ ಪೀಶಕತ್ತಿಗೆ ತಾಮ್ರ ಹತ್ತುತ್ತಿದ್ದದ್ದೂ ಹೀಗೆಯೇ. ಬಾಲ್ದಿಯ ಹತ್ತಿರ ಬಗ್ಗಿ ನಿಂತವನಿಗೆ ಇದು ಹೊಳೆದಾಗ ಅಪ್ಪನಿಗೆ ಫೋನು ಮಾಡಿ ಹೇಳಬೇಕು ಅಂತ ಕೈ ಕಿಸೆಗೆ ಹೋಯ್ತು. ಎಷ್ಟು ಕುಶಿಪಡುತ್ತಿದ್ದರು! ಆ ವರ್ಷದ ಅಡಿಕೆ ಮಾರಿದ ದುಡ್ಡು ಪೂರ್ತಿ ನನ್ನ ಫೀಸಿಗೆ ಕೊಟ್ಟವರು ಅವರು. ಫೋಟೋ ಹಿಡಿಯಲು ಕಲಿಯಲಿಕ್ಕೆ ವಿಲಾಯತಿ ಯಾಕೆ ಅಂತ ಕೇಳಿದವರಿಗೆ ಒಂದು ಮಾತೂ ತಿರುಗಿ ಹೇಳಲಿಲ್ಲ.

ಇನ್ನೊಂದು ಚಿತ್ರ ಪೆರ್ಲದ ಬಸ್ಸಿನದ್ದು. ಬೋರ್ಡಿನಲ್ಲಿ ಮಲಯಾಳ, ಕನ್ನಡ ಎರಡೂ ಇವೆ. ಆಗ ಮೇಷ್ಟ್ರು ಇದೇನು ಎರಡು ಲಿಪಿ ಅಂತ ಕೇಳಿದ್ದರು. ಹೇಳಲು ಹೊರಟೆ. ನಮ್ಮ ಕಾಸರಗೋಡು ಮೊದಲು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ, 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯ್ತು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು, ಆದರೆ ಸೇರಲಿಲ್ಲ. ಅಪ್ಪ ಇದನ್ನು ಹೇಳುವಾಗ ಅವರ ದನಿ ಹೇಗಾಗುತ್ತಿತ್ತು ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಈಗ ಆ ಬೋರ್ಡಿನ ಕನ್ನಡ ಅಕ್ಷರ ನೋಡಿದರೆ ಯಾರೋ ಕೈಯಲ್ಲಿ ಚಂದ ಮಾಡಿ ಬರೆದದ್ದು. ‘ಳ’ ಎಷ್ಟು ದುಂಡಗಿದೆ ನೋಡು.

ಅನಂತಪುರದ ದೇವಸ್ಥಾನದ ಕೆರೆಯದ್ದು ಹನ್ನೊಂದು ಇವೆ, ನಾನು ಕಳಿಸಿದ್ದು ಒಂದೇ. ಅಲ್ಲಿಯ ಮೊಸಳೆ ಬಬಿಯಾ ಮೇಲೆ ಏಳುತ್ತದೆ ಅಂತ ನಾನೂ ಭಾವನೂ ಮಧ್ಯಾಹ್ನದವರೆಗೆ ಕಾದಿದ್ದೆವು. ಹತ್ತು ಚಿತ್ರದಲ್ಲಿ ಬರೀ ನೀರು. ಇದೊಂದರಲ್ಲಿ ಎಡಬದಿಗೆ ಎರಡು ಕಪ್ಪು ಚುಕ್ಕಿ ಇವೆ, ಭೂತಗನ್ನಡಿ ಹಿಡಿದರೆ ಕಣ್ಣು ಅಂತ ಗೊತ್ತಾಗುತ್ತದೆ. 2022ರಲ್ಲಿ ಬಬಿಯಾ ಹೋದ ದಿನ ನೀನು ಫೋನಿನಲ್ಲಿ ಅತ್ತದ್ದು ನೆನಪಾಯ್ತು. ಇದನ್ನು ಭಾವನಿಗೆ ಕೊಡು.

ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸಿದ ಫೋಟೋ ಮಗಳಿಗೆ. ಅವಳ ಕೈಗೇ ಕೊಡು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಅಮ್ಮನ ಜೊತೆ ಜಗಲಿಯಲ್ಲಿ ಕೂತು ಪ್ರತಿಯೊಂದನ್ನೂ ತೋರಿಸಿ ಯಾರು, ಎಲ್ಲಿ ಅಂತ ಕೇಳಿ ಬೆನ್ನಿಗೆ ಬರೆ. ಪೆನ್ನು ಬೇಡ, ಶಾಯಿ ಆಚೆಗೆ ಇಳಿಯುತ್ತದೆ. ಮೆತ್ತನೆ ಪೆನ್ಸಿಲಿನಲ್ಲಿ ಒತ್ತದೆ ಬರೆ. ಮದ್ದಿನ ಚಿತ್ರದಲ್ಲಿ ಅಪ್ಪನ ಹಿಂದೆ ಬಾಲ್ದಿ ಹಿಡಿದ ಒಬ್ಬ ಹುಡುಗ ಇದ್ದಾನೆ, ಹತ್ತೋ ಹನ್ನೊಂದೋ ವಯಸ್ಸು. ಅವನು ಯಾರು ಅಂತ ನನಗೆ ಎಷ್ಟು ಯೋಚನೆ ಮಾಡಿದರೂ ಹೊಳೆಯುತ್ತಿಲ್ಲ. ಅವನಿಗೂ ಒಂದು ಪ್ರತಿ ಮಾಡಿ ಕಳಿಸಬೇಕು, ಅಪ್ಪನ ಜೊತೆ ನಿಂತವನು. ಫೋಟೋಗಳನ್ನು ಅಂಚಿನಲ್ಲಿ ಹಿಡಿಯಿರಿ. ಮಳೆಗಾಲ ಮುಗಿಯುವವರೆಗೆ ಪ್ಲಾಸ್ಟಿಕ್ ಕವರಿಗೆ ಹಾಕಬೇಡ, ಕಾಗದದಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹತ್ತಿರ ಇಡು.

ಕಿಟಕಿಯ ಫೋಟೋ ಕೊನೆಗೆ ತೋರಿಸು. ಮೊದಲೇ ಏನೂ ಹೇಳಬೇಡ. ಕನ್ನಡಕ ಹಾಕಿಸಿ ಕೈಗೆ ಕೊಡು. ಅವತ್ತು ನಾನು ಆ ಲೋಟ ಕುಡಿದೆನೋ ಇಲ್ಲವೋ ನನಗೆ ನೆನಪಿಲ್ಲ. ಅದರಲ್ಲಿ ಇದ್ದದ್ದು ಏನು, ಮಜ್ಜಿಗೆಯಾ ಕಷಾಯವಾ, ಅವಳಿಗೆ ನೆನಪಿದೆಯಾ ಅಂತ ಕೇಳಿ ಬರೆ.

ಅಮ್ಮನಿಗೆ, ಭಾವನಿಗೆ ನನ್ನ ನಮಸ್ಕಾರ. ಮಗಳಿಗೆ ಆಶೀರ್ವಾದ.

ನಿನ್ನ ಪ್ರೀತಿಯ ತಮ್ಮ