ಗ್ಲಾಕೋಮಾ ಓಸಿಟಿ ಹೋಲಿಸುವವರ ಗಮನಕ್ಕೆ

ನಮಸ್ಕಾರ. ಗ್ಲಾಕೋಮಾ ಕಣ್ಣಿನ ನರ ಸವೆಯುವ ಕಾಯಿಲೆ; ಓಸಿಟಿ ಬೆಳಕಿನಿಂದ ಕಣ್ಣಿನ ಪದರಗಳನ್ನು ಅಳೆಯುವ ಸ್ಕ್ಯಾನ್. ತೆರೆದ ಕೋನ, ಮುಚ್ಚಿದ ಕೋನ (ಕೋನ ಎಂದರೆ ಕಣ್ಣೊಳಗಿನ ದ್ರವ ಹೊರಹೋಗುವ ಜಾಗ), ಸಹಜ ಒತ್ತಡದ ಗ್ಲಾಕೋಮಾ ಇವುಗಳಲ್ಲಿ ರೆಟಿನಾದ ನರತಂತು ಪದರದ ದಪ್ಪ ಹೋಲಿಸುವಾಗ, ಫೀಲ್ಡ್ ಟೆಸ್ಟಿನ (ನೋಟದ ವ್ಯಾಪ್ತಿ ಅಳೆಯುವ ಪರೀಕ್ಷೆ) ಎಂಡಿ, ಅಂದರೆ ನೋಟದ ಸರಾಸರಿ ನಷ್ಟ, ಹೆಚ್ಚುಕಮ್ಮಿ ಒಂದೇ ಇರುವ ಕಣ್ಣುಗಳನ್ನೇ ಜೋಡಿ ಮಾಡಿ. ಇಲ್ಲದಿದ್ದರೆ ಕಾಣುವುದು ಕಾಯಿಲೆಯ ತೀವ್ರತೆ, ಬಗೆಯಲ್ಲ. ಯಂತ್ರವೂ ಒಂದೇ ಇರಲಿ. ಸಿರಸ್ ಎಂಬ ಓಸಿಟಿ ಯಂತ್ರದಲ್ಲಿ ಸಿಗ್ನಲ್ (ಸ್ಕ್ಯಾನಿನ ಗುಣಮಟ್ಟದ ಅಂಕ, 10ಕ್ಕೆ) 6ಕ್ಕಿಂತ ಕಡಿಮೆ ಬಂದರೆ ಮತ್ತೆ ತೆಗೆಯಿರಿ. ಸಿಗ್ನಲ್ ಮಂದವಾದರೆ ಪದರ ಸುಳ್ಳೇ ತೆಳುವಾಗುತ್ತದೆ. ಪೈಲೋಕಾರ್ಪಿನ್ ಹನಿ ಹಾಕುವವರಲ್ಲಿ ಪಾಪೆ ಕಿರಿದಾಗಿ ಈ ಕಾಟ ಜಾಸ್ತಿ. ಹಾಗಂತ ಗೋನಿಯೋಸ್ಕೋಪಿ (ಕೋನ ತೆರೆದಿದೆಯೇ ಎಂದು ನೋಡುವ ಪರೀಕ್ಷೆ) ಆಗದೆ ಪಾಪೆ ಹಿಗ್ಗಿಸುವ ಹನಿ ಹಾಕಬೇಡಿ.

ಕೋನ ಹಠಾತ್ ಮುಚ್ಚಿದ ಕಣ್ಣನ್ನು ಮೊದಲ ವಾರವೇ ಅಳೆದರೆ ಊತದಿಂದ ಪದರ ದಪ್ಪ ಬರುತ್ತದೆ. ಕೆಲ ತಿಂಗಳ ನಂತರದ ಅಳತೆಯನ್ನೇ ಹಿಡಿಯಿರಿ. ಸಹಜ ಒತ್ತಡದವರಲ್ಲಿ ಪದರದ ಸರಾಸರಿ ದಪ್ಪ ಹಸಿರಲ್ಲೇ (ಸಹಜ ಮಿತಿಯಲ್ಲೇ) ಇದ್ದು, ಕೆಳಗೆ ಕಿವಿಯ ಬದಿಗೆ ಬೆಣೆಯಂಥ ಸೀಳು ಮಾತ್ರ ಕಾಣಬಹುದು. ದಪ್ಪದ ನಕ್ಷೆ ನೋಡದೆ ಬಿಡಬೇಡಿ. ಸರಾಸರಿ 50–55 ಮೈಕ್ರಾನಿಗೆ ಇಳಿದ ಕಣ್ಣುಗಳನ್ನು ಕೈಬಿಡಿ: ಉಳಿದಿರುವುದು ಹೆಚ್ಚಾಗಿ ರಕ್ತನಾಳ, ಗ್ಲಿಯಾ (ನರಗಳಿಗೆ ಆಸರೆಯಾಗುವ ಕೋಶಗಳು).